ಸೆರ್ಗೆಯ್ ವಿನೊಗ್ರಾಡ್‌ಸ್ಕಿ

ಸೆರ್ಗೆಯ್ ನಿಕೊಲಾಯೆವಿಚ್ ವಿನೊಗ್ರಾಡ್‌ಸ್ಕಿ (13 ಸೆಪ್ಟೆಂಬರ್ 1856 – 25 ಫೆಬ್ರವರಿ 1953) ರಷ್ಯನ್ ಸಾಮ್ರಾಜ್ಯದಲ್ಲಿ ಹುಟ್ಟಿ, ಬದುಕಿನ ಕೊನೆಯ ಮೂರು ದಶಕಗಳನ್ನು ಫ್ರಾನ್ಸ್‌ನಲ್ಲಿ ಕಳೆದ ಸೂಕ್ಷ್ಮಜೀವಿ ವಿಜ್ಞಾನಿ. ಮಣ್ಣಿನ ಸೂಕ್ಷ್ಮಜೀವಿ ವಿಜ್ಞಾನ ಮತ್ತು ಸೂಕ್ಷ್ಮಜೀವಿ ಪರಿಸರ ವಿಜ್ಞಾನಗಳ ಸ್ಥಾಪಕರಲ್ಲಿ ಇವರೊಬ್ಬರು. ಸೂರ್ಯನ ಬೆಳಕಾಗಲಿ ಸಾವಯವ ಆಹಾರವಾಗಲಿ ಇಲ್ಲದೆ, ಅಮೋನಿಯದಂತಹ ನಿರವಯವ ವಸ್ತುಗಳನ್ನು ಉತ್ಕರ್ಷಿಸಿ ಪಡೆದ ಶಕ್ತಿಯಿಂದಲೇ ಬದುಕುವ ಜೀವಿಗಳಿವೆ ಎಂಬುದನ್ನು ತೋರಿಸಿದವರು ಇವರು. ಮಣ್ಣಿನಲ್ಲಿ ಅಮೋನಿಯವು ಮೊದಲು ನೈಟ್ರೈಟ್ ಆಗಿ, ಅನಂತರ ನೈಟ್ರೇಟ್ ಆಗಿ ಮಾರ್ಪಡುವುದು ಎರಡು ಬೇರೆ ಬೇರೆ ಗುಂಪಿನ ಬ್ಯಾಕ್ಟೀರಿಯಗಳ ಕೆಲಸವೆಂಬ ಇವರ ನಿರ್ಣಯ ನೂರಕ್ಕೂ ಹೆಚ್ಚು ವರ್ಷ ಪಠ್ಯಪುಸ್ತಕಗಳಲ್ಲಿ ಅಚಲವಾಗಿ ನಿಂತಿತ್ತು. ಮಣ್ಣು ಮತ್ತು ನೀರಿನಿಂದ ನೇರವಾಗಿ ಜೀನ್‌ಗಳನ್ನು ಓದುವ ಇತ್ತೀಚಿನ ವಿಧಾನಗಳು ಆ ಚಿತ್ರವನ್ನು ಒಂದೆಡೆ ತಿದ್ದಿವೆ, ಇನ್ನೊಂದೆಡೆ ವಿನೊಗ್ರಾಡ್‌ಸ್ಕಿಯವರು ಇಳಿವಯಸ್ಸಿನಲ್ಲಿ ಎತ್ತಿದ್ದ ಆಕ್ಷೇಪಗಳನ್ನು ಸಮರ್ಥಿಸಿವೆ.

ಆರಂಭಿಕ ಜೀವನ

ವಿನೊಗ್ರಾಡ್‌ಸ್ಕಿಯವರು ಕೀವ್ ನಗರದ ಸಿರಿವಂತ ಕುಟುಂಬದಲ್ಲಿ ಜನಿಸಿದರು. ಕೀವ್ ವಿಶ್ವವಿದ್ಯಾಲಯದಲ್ಲಿ ಮೊದಲು ಕಾನೂನು ಓದಲು ತೊಡಗಿ, ಬೇಗನೆ ಅದನ್ನು ಬಿಟ್ಟು ನಿಸರ್ಗ ವಿಜ್ಞಾನದ ತರಗತಿಗಳಿಗೆ ಸೇರಿದರು. ಅದೂ ರುಚಿಸಲಿಲ್ಲ. 1875ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಸಂಗೀತ ಶಾಲೆಗೆ ಸೇರಿ, ಆ ಕಾಲದ ಪ್ರಸಿದ್ಧ ಗುರು ಲೆಶೆಟಿಟ್‌ಸ್ಕಿಯವರ ಬಳಿ ಪಿಯಾನೊ ಕಲಿತರು. ಸಂಗೀತ ಅವರನ್ನು ಕೊನೆಯವರೆಗೂ ಬಿಡಲಿಲ್ಲವಾದರೂ ವೃತ್ತಿಯಾಗಿ ಅದು ಸಾಲದೆನಿಸಿ, 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಮೆನ್‌ಶುಟ್‌ಕಿನ್ ಅವರಿಂದ ರಸಾಯನ ವಿಜ್ಞಾನವನ್ನೂ ಫಾಮಿಂಟ್‌ಸಿನ್ ಅವರಿಂದ ಸಸ್ಯ ವಿಜ್ಞಾನವನ್ನೂ ಕಲಿತು 1881ರಲ್ಲಿ ಪದವಿ ಪಡೆದರು. 1879ರಲ್ಲಿ ಜಿನೈದಾ ಟಿಖೊಟ್‌ಸ್ಕಾಯಾ ಅವರೊಂದಿಗೆ ವಿವಾಹವಾಯಿತು. ದಂಪತಿಗಳಿಗೆ ನಾಲ್ವರು ಹೆಣ್ಣುಮಕ್ಕಳು.

ದ್ರಾಕ್ಷಾರಸದ ಮೇಲೆ ಕೆನೆಗಟ್ಟುವ ಮೈಕೊಡರ್ಮ ಎಂಬ ಜೀವಿಯ ಬೆಳವಣಿಗೆಯ ಮೇಲೆ ಬಾಹ್ಯ ಪರಿಸ್ಥಿತಿಗಳ ಪ್ರಭಾವವೇನು ಎಂಬುದು ಅವರ ಮೊದಲ ಸಂಶೋಧನೆಯ ವಿಷಯ. ವಿಷಯ ಚಿಕ್ಕದು. ಆದರೆ ಒಂದು ಜೀವಿಯನ್ನು ಅದರ ರೂಪಕ್ಕಿಂತ ಹೆಚ್ಚಾಗಿ ಅದು ಬದುಕುವ ಪರಿಸ್ಥಿತಿಯ ಮೂಲಕ ತಿಳಿಯಬೇಕೆಂಬ ದೃಷ್ಟಿ ಇಲ್ಲಿಂದಲೇ ಅವರಲ್ಲಿ ಕಾಣಿಸುತ್ತದೆ.

ಗಂಧಕದ ಬ್ಯಾಕ್ಟೀರಿಯಗಳು

1885ರಲ್ಲಿ ವಿನೊಗ್ರಾಡ್‌ಸ್ಕಿಯವರು ಸ್ಟ್ರಾಸ್‌ಬರ್ಗ್‌ಗೆ ತೆರಳಿ, ಶಿಲೀಂಧ್ರ ವಿಜ್ಞಾನಿ ಆಂಟನ್ ಡಿ ಬಾರಿಯವರ ಪ್ರಯೋಗಾಲಯವನ್ನು ಸೇರಿದರು. ಗಂಧಕದ ಬುಗ್ಗೆಗಳಲ್ಲಿ ಬಿಳಿಯ ನೂಲಿನಂತೆ ಬೆಳೆಯುವ ಬೆಗ್ಗಿಯಟೋವಾ ಎಂಬ ಬ್ಯಾಕ್ಟೀರಿಯವನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಈ ಎಳೆಗಳ ಜೀವಕೋಶಗಳ ಒಳಗೆ ಗಂಧಕದ ಹನಿಗಳಿರುವುದು ಮೊದಲೇ ತಿಳಿದಿತ್ತು. ಅವು ಅಲ್ಲಿ ಏಕಿವೆ ಎಂಬುದು ತಿಳಿದಿರಲಿಲ್ಲ.

ಬೆಗ್ಗಿಯಟೋವಾ ಪ್ರಯೋಗಾಲಯದಲ್ಲಿ ಸುಲಭವಾಗಿ ಬೆಳೆಯದು. ಆದ್ದರಿಂದ ವಿನೊಗ್ರಾಡ್‌ಸ್ಕಿಯವರು ಗಾಜಿನ ತುಣುಕಿನ ಕೆಳಗೆ ಒಂದು ಹನಿ ನೀರಿನಲ್ಲಿ ಕೆಲವು ಎಳೆಗಳನ್ನಿಟ್ಟು, ಆ ನೀರನ್ನು ಆಗಾಗ ಬದಲಿಸುತ್ತ, ಒಂದೇ ಎಳೆಯನ್ನು ದಿನಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ಗಮನಿಸಿದರು. ಹೈಡ್ರೋಜನ್ ಸಲ್ಫೈಡ್ ಇರುವ ನೀರನ್ನು ಕೊಟ್ಟಾಗ ಜೀವಕೋಶಗಳು ಗಂಧಕದಿಂದ ತುಂಬಿಕೊಂಡವು. ಅದನ್ನು ನಿಲ್ಲಿಸಿದಾಗ ಹನಿಗಳು ಕರಗಿ, ಸಲ್ಫ್ಯೂರಿಕ್ ಆಮ್ಲ ಉಂಟಾಯಿತು. ಇತರ ಜೀವಿಗಳು ಸಕ್ಕರೆಯನ್ನು ಉರಿಸುವಂತೆ ಇವು ಗಂಧಕವನ್ನು ಉರಿಸಿ ಶಕ್ತಿ ಪಡೆಯುತ್ತಿವೆ ಎಂಬ ತೀರ್ಮಾನಕ್ಕೆ ಅವರು ಬಂದರು. 1887ರಲ್ಲಿ ಈ ಕೆಲಸ ಪ್ರಕಟವಾಯಿತು. ಮರುವರ್ಷ ಕಬ್ಬಿಣವನ್ನು ಉತ್ಕರ್ಷಿಸುವ ಬ್ಯಾಕ್ಟೀರಿಯಗಳ ಕುರಿತೂ ಬರೆದರು. ಈ ಜೀವಿಗಳು ತಮ್ಮ ದೇಹಕ್ಕೆ ಬೇಕಾದ ಇಂಗಾಲವನ್ನು ಎಲ್ಲಿಂದ ಪಡೆಯುತ್ತವೆ ಎಂಬ ಪ್ರಶ್ನೆಯನ್ನು ಮಾತ್ರ ಆಗ ಬಗೆಹರಿಸಿರಲಿಲ್ಲ.

ಶಾಲಾ ಕಾಲೇಜುಗಳಲ್ಲಿ ಇಂದು ಮಾಡುವ ವಿನೊಗ್ರಾಡ್‌ಸ್ಕಿ ಸ್ತಂಭ ಎಂಬ ಪ್ರಯೋಗದ ಮೂಲವೂ ಈ ಅವಧಿಯದೇ. ಕೆರೆಯ ಕೆಸರಿಗೆ ಜಿಪ್ಸಮ್ ಮತ್ತು ಕಾಗದದ ಚೂರು ಬೆರೆಸಿ, ಎತ್ತರದ ಗಾಜಿನ ಪಾತ್ರೆಯಲ್ಲಿ ತುಂಬಿ, ಮೇಲೆ ನೀರು ನಿಲ್ಲಿಸಿ ಬೆಳಕಿನಲ್ಲಿಟ್ಟರೆ, ಕೆಲವು ವಾರಗಳಲ್ಲಿ ಕಪ್ಪು, ಹಸಿರು, ನೇರಳೆ, ಕಂದು ಬಣ್ಣದ ಪಟ್ಟಿಗಳು ಮೂಡುತ್ತವೆ. ಆಮ್ಲಜನಕವು ಮೇಲಿನಿಂದ ಕೆಳಕ್ಕೂ ಹೈಡ್ರೋಜನ್ ಸಲ್ಫೈಡ್ ಕೆಳಗಿನಿಂದ ಮೇಲಕ್ಕೂ ಕಡಿಮೆಯಾಗುತ್ತ ಹೋಗುವುದರಿಂದ, ಪ್ರತಿಯೊಂದು ಗುಂಪಿನ ಬ್ಯಾಕ್ಟೀರಿಯವೂ ತನಗೆ ಒಗ್ಗುವ ಎತ್ತರದಲ್ಲಿ ನೆಲೆಸುತ್ತದೆ.

ನೈಟ್ರೀಕರಣದ ಸಮಸ್ಯೆ

ದನದ ಕೊಟ್ಟಿಗೆಯ ಹಳೆಯ ಮಣ್ಣಿನಲ್ಲಿ ಪೆಟ್ಲುಪ್ಪು ಕಾಣಿಸಿಕೊಳ್ಳುವುದು ಬಹುಕಾಲದಿಂದ ತಿಳಿದ ಸಂಗತಿ. ಸಿಡಿಮದ್ದಿಗೆ ಅದು ಬೇಕಾಗಿದ್ದುದರಿಂದ ಸರ್ಕಾರಗಳಿಗೂ, ಬೆಳೆಗೆ ಬೇಕಾಗಿದ್ದುದರಿಂದ ರೈತರಿಗೂ ಅದರ ಉತ್ಪತ್ತಿ ಮುಖ್ಯವಾಗಿತ್ತು. ಗೊಬ್ಬರ ಮತ್ತು ಮೂತ್ರದ ಅಮೋನಿಯ ನೈಟ್ರೇಟ್ ಆಗುವುದು ಶುದ್ಧ ರಾಸಾಯನಿಕ ಕ್ರಿಯೆ ಎಂದು ಅನೇಕರು ನಂಬಿದ್ದರು. 1877ರಲ್ಲಿ ಫ್ರಾನ್ಸ್‌ನ ಶ್ಲೋಸಿಂಗ್ ಮತ್ತು ಮ್ಯುಂಟ್ಜ್ ಅವರು ಕೊಳಚೆ ನೀರನ್ನು ಮರಳಿನ ಸ್ತಂಭದ ಮೂಲಕ ನಿಧಾನವಾಗಿ ಇಳಿಸಿದರು. ಕೆಲವು ದಿನಗಳ ಅನಂತರ ಅಮೋನಿಯದ ಬದಲು ನೈಟ್ರೇಟ್ ಬರಲಾರಂಭಿಸಿತು. ಕ್ಲೋರೋಫಾರ್ಮ್ ಹಾಯಿಸಿದೊಡನೆ ಅದು ನಿಂತಿತು. ಹೊಸ ಮಣ್ಣಿನ ತೊಳೆನೀರು ಸೇರಿಸಿದಾಗ ಪುನಃ ಆರಂಭವಾಯಿತು. ಕ್ರಿಯೆ ಜೀವಿಗಳದೆಂಬುದು ಇದರಿಂದ ಸ್ಪಷ್ಟವಾಯಿತು. ಆದರೆ ಆ ಜೀವಿ ಯಾವುದು? ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ರಾಬರ್ಟ್ ವಾರಿಂಗ್ಟನ್ ಅವರು ಹಲವು ವರ್ಷ ಶ್ರಮಿಸಿ, ಕ್ರಿಯೆಗೆ ಎರಡು ಹಂತಗಳಿವೆ ಎಂಬುದನ್ನು ಗುರುತಿಸಿದರೂ ಜೀವಿಯನ್ನು ಬೇರ್ಪಡಿಸಲಾಗಲಿಲ್ಲ.

ಅಂದಿನ ಎಲ್ಲ ಪ್ರಯತ್ನಗಳೂ ರಾಬರ್ಟ್ ಕಾಖ್ ಅವರ ವಿಧಾನವನ್ನು ಅವಲಂಬಿಸಿದ್ದವು. ಜೆಲಟಿನ್ ಮತ್ತು ಮಾಂಸದ ಸಾರದ ತಟ್ಟೆಯ ಮೇಲೆ ಮಣ್ಣನ್ನು ಹರಡಿದರೆ ಬಗೆಬಗೆಯ ಬ್ಯಾಕ್ಟೀರಿಯಗಳು ಬೆಳೆಯುತ್ತಿದ್ದವು. ಅವುಗಳಲ್ಲಿ ಯಾವುದೂ ಅಮೋನಿಯವನ್ನು ನೈಟ್ರೇಟ್ ಮಾಡುತ್ತಿರಲಿಲ್ಲ. ರೋಗಾಣುಗಳಿಗೆ ಹೇಳಿ ಮಾಡಿಸಿದ್ದ ಆ ಊಟ ಬೇಕಾದ ಜೀವಿಗೆ ಒಗ್ಗುತ್ತಿರಲಿಲ್ಲ.

1888ರ ಆರಂಭದಲ್ಲಿ ಡಿ ಬಾರಿಯವರು ತೀರಿಕೊಂಡ ಮೇಲೆ ವಿನೊಗ್ರಾಡ್‌ಸ್ಕಿಯವರು ಜೂರಿಕ್‌ಗೆ ಹೋಗಿ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಗಂಧಕದ ಬ್ಯಾಕ್ಟೀರಿಯಗಳಿಂದ ಕಲಿತದ್ದನ್ನು ಇಲ್ಲಿ ಅನ್ವಯಿಸಿದರು: ಬೇಕಾದ ಜೀವಿಗೆ ಮಾತ್ರ ಅನುಕೂಲವಾಗುವ, ಉಳಿದವು ಉಪವಾಸ ಬೀಳುವ ಪರಿಸ್ಥಿತಿಯನ್ನು ನಿರ್ಮಿಸಿದರು. ಜೂರಿಕ್ ಸರೋವರದ ನೀರಿಗೆ ಅಮೋನಿಯಂ ಸಲ್ಫೇಟ್ ಮತ್ತು ಪೊಟ್ಯಾಸಿಯಂ ಫಾಸ್ಫೇಟ್ ಹಾಕಿ, ಹುಟ್ಟುವ ಆಮ್ಲವನ್ನು ತಟಸ್ಥಗೊಳಿಸಲು ಮೆಗ್ನೀಸಿಯಂ ಕಾರ್ಬೊನೇಟ್ ಸೇರಿಸಿದರು. ಸಾವಯವ ವಸ್ತುವನ್ನು ಬೇಕೆಂದೇ ಬಿಟ್ಟರು. ಅಂತಹ ದ್ರಾವಣದಲ್ಲಿ ನೈಟ್ರೀಕರಣ ಚುರುಕಾಗಿ ನಡೆಯಿತು, ಮತ್ತು ಪಾತ್ರೆಯ ತಳದ ಕಾರ್ಬೊನೇಟ್ ಕಣಗಳಿಗೆ ಅಂಟಿಕೊಂಡ ಅಂಡಾಕಾರದ ಜೀವಕೋಶಗಳು ಕಾಣಿಸಿದವು.

ಅವುಗಳನ್ನು ಶುದ್ಧಗೊಳಿಸಿದ ಬಗೆ ಸ್ವಾರಸ್ಯಕರವಾಗಿದೆ. ತಳದ ಮಡ್ಡಿಯನ್ನು ಜೆಲಟಿನ್ ಮೇಲೆ ಹರಡಿದಾಗ ಇತರ ಬ್ಯಾಕ್ಟೀರಿಯಗಳು ಗುಂಪುಗಳಾಗಿ ಬೆಳೆದವು. ಎಲ್ಲರೂ ಬೆಳೆದದ್ದನ್ನು ಆರಿಸುತ್ತಿದ್ದರೆ, ಇವರು ಏನೂ ಬೆಳೆಯದೆ ಉಳಿದ ಕಣಗಳನ್ನು ಆರಿಸಿ ಹೊಸ ಪಾತ್ರೆಗೆ ಹಾಕಿದರು. ನೈಟ್ರೀಕರಣ ಮುಂದುವರಿಯಿತು. ಮುಂದೆ ಜೆಲಟಿನ್ನನ್ನೇ ಬಿಟ್ಟು, ಸಾವಯವ ವಸ್ತುವಿಲ್ಲದ ಸಿಲಿಕಾ ಜೆಲ್ ತಟ್ಟೆಗಳನ್ನು ಬಳಸಿ ಬೇರ್ಪಡಿಸುವ ಕೆಲಸವನ್ನು ಗಟ್ಟಿಗೊಳಿಸಿದರು. ಇದೇ ಸಮಯಕ್ಕೆ ಇಂಗ್ಲೆಂಡಿನಲ್ಲಿ ಪರ್ಸಿ ಮತ್ತು ಗ್ರೇಸ್ ಫ್ರಾಂಕ್‌ಲ್ಯಾಂಡ್ ದಂಪತಿಗಳೂ ಸತತವಾಗಿ ತೆಳುಗೊಳಿಸುವ ವಿಧಾನದಿಂದ ಇಂತಹ ಜೀವಿಯನ್ನು ಪಡೆದಿದ್ದರು.

ವಿನೊಗ್ರಾಡ್‌ಸ್ಕಿಯವರು ಇಷ್ಟಕ್ಕೆ ನಿಲ್ಲಲಿಲ್ಲ ಎಂಬುದೇ ಅವರ ಹಿರಿಮೆ. ಸಾವಯವ ಇಂಗಾಲವಿಲ್ಲದ ಪಾತ್ರೆಗಳಲ್ಲಿ ಸಾವಯವ ಇಂಗಾಲ ಹೆಚ್ಚುತ್ತಿದೆಯೇ ಎಂಬುದನ್ನು ರಾಸಾಯನಿಕ ವಿಶ್ಲೇಷಣೆಯಿಂದ ಅಳೆದರು. ಅದು ಹೆಚ್ಚುತ್ತಿತ್ತು. ಒಂದು ಪಾಲು ಇಂಗಾಲವನ್ನು ಮೈಗೂಡಿಸಿಕೊಳ್ಳಲು ಈ ಜೀವಿಗಳು ಸುಮಾರು 35 ಪಾಲು ಸಾರಜನಕವನ್ನು ಉತ್ಕರ್ಷಿಸುತ್ತಿದ್ದವು. ಬಹು ದುಬಾರಿಯಾದ ಜೀವನ; ಆದರೂ ಕತ್ತಲಲ್ಲಿ, ಹಸಿರು ಬಣ್ಣದ ಹಂಗಿಲ್ಲದೆ, ಇಂಗಾಲದ ಡೈಆಕ್ಸೈಡ್‌ನಿಂದ ದೇಹ ಕಟ್ಟಿಕೊಳ್ಳುವ ಜೀವನ. ಅಲ್ಲಿಯವರೆಗೆ ಅಂತಹ ಸಾಮರ್ಥ್ಯ ಹಸಿರು ಸಸ್ಯಗಳಿಗಷ್ಟೇ ಉಂಟೆಂದು ತಿಳಿಯಲಾಗಿತ್ತು. ಈ ಲೇಖನಮಾಲೆ 1890ರಿಂದ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಸೇಂಟ್ ಪೀಟರ್ಸ್‌ಬರ್ಗ್

1891ರಲ್ಲಿ ಇಲ್ಯಾ ಮೆಚ್ನಿಕಾಫ್ ಅವರು ಪಾಶ್ಚರ್ ಸಂಸ್ಥೆಗೆ ಬರುವಂತೆ ಆಹ್ವಾನಿಸಿದರೂ, ವಿನೊಗ್ರಾಡ್‌ಸ್ಕಿಯವರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹೊಸದಾಗಿ ತೆರೆದಿದ್ದ ಪ್ರಾಯೋಗಿಕ ವೈದ್ಯ ವಿಜ್ಞಾನದ ಸಾಮ್ರಾಟ್ ಸಂಸ್ಥೆಯಲ್ಲಿ ಸೂಕ್ಷ್ಮಜೀವಿ ವಿಭಾಗದ ಮುಖ್ಯಸ್ಥರಾದರು. ಇವಾನ್ ಪಾವ್ಲೊವ್ ಅವರು ಅದೇ ಸಂಸ್ಥೆಯ ಶರೀರಕ್ರಿಯಾ ವಿಭಾಗದಲ್ಲಿದ್ದರು. ಇಲ್ಲಿ ವಿನೊಗ್ರಾಡ್‌ಸ್ಕಿಯವರು ಹಲವು ಖಂಡಗಳ ಮಣ್ಣನ್ನು ತರಿಸಿ ಪರೀಕ್ಷಿಸಿದರು. ಅಮೋನಿಯವನ್ನು ನೈಟ್ರೈಟ್ ಮಾಡುವ ಯೂರೋಪಿನ ಜೀವಿಗೆ ನೈಟ್ರೊಸೊಮೊನಾಸ್ ಎಂದೂ, ನೈಟ್ರೈಟನ್ನು ನೈಟ್ರೇಟ್ ಮಾಡುವುದಕ್ಕೆ ನೈಟ್ರೊಬ್ಯಾಕ್ಟರ್ ಎಂದೂ 1892ರಲ್ಲಿ ಹೆಸರಿಟ್ಟರು. ಜಾವಾದಿಂದ ಮತ್ತು ದಕ್ಷಿಣ ಅಮೆರಿಕದಿಂದ ಬಂದ ಮಣ್ಣಿನಲ್ಲಿ ಬೇರೆ ಆಕಾರದ ಜೀವಿಗಳೂ ದೊರೆತಿದ್ದವು. ನೈಟ್ರೀಕರಣದ ಜೀವಿಗಳಲ್ಲಿ ವೈವಿಧ್ಯವಿದೆ ಎಂಬ ಮೊದಲ ಸುಳಿವು ಇದು.

ಮುಂದಿನ ಕೆಲಸ ವಾತಾವರಣದ ಸಾರಜನಕಕ್ಕೆ ಸಂಬಂಧಿಸಿದುದು. ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಗಳು ಸಾರಜನಕವನ್ನು ಸ್ಥಿರೀಕರಿಸುವುದು ಆಗ ತಾನೆ ತಿಳಿದಿತ್ತು. ಸಸ್ಯದ ಆಸರೆಯಿಲ್ಲದೆ ಮಣ್ಣಿನಲ್ಲಿ ಸ್ವತಂತ್ರವಾಗಿ ಇದನ್ನು ಮಾಡುವ ಜೀವಿಯಿದೆಯೇ ಎಂದು ಕಂಡುಹಿಡಿಯಲು ಅವರು ಸಾರಜನಕದ ಸಂಯುಕ್ತಗಳಿಲ್ಲದ ಸಕ್ಕರೆಯ ದ್ರಾವಣಕ್ಕೆ ಮಣ್ಣು ಹಾಕಿದರು. ಆಮ್ಲಜನಕವಿಲ್ಲದ ಸ್ಥಿತಿಯಲ್ಲಿ ಗಾಳಿಯ ಸಾರಜನಕವನ್ನು ಬಳಸಿಕೊಂಡು ಬೆಳೆದ ಬ್ಯಾಕ್ಟೀರಿಯಕ್ಕೆ ಲೂಯಿ ಪಾಶ್ಚರ್ ಅವರ ಗೌರವಾರ್ಥ ಕ್ಲಾಸ್ಟ್ರಿಡಿಯಂ ಪಾಶ್ಚೂರಿಯಾನಂ ಎಂಬ ಹೆಸರು ಬಂತು. ಆಮ್ಲಜನಕದ ಸಮ್ಮುಖದಲ್ಲಿ ಇದೇ ಕೆಲಸ ಮಾಡುವ ಅಜೊಟೊಬ್ಯಾಕ್ಟರನ್ನು 1901ರಲ್ಲಿ ಡಚ್ ವಿಜ್ಞಾನಿ ಮಾರ್ಟಿನಸ್ ಬೈಯೆರಿಂಕ್ ವರ್ಣಿಸಿದರು. ಬೇಕಾದ ಜೀವಿಗೆ ತಕ್ಕ ಪರಿಸ್ಥಿತಿ ಕಲ್ಪಿಸಿ ಅದನ್ನು ಹೆಚ್ಚಿಸುವ ಸಮೃದ್ಧೀಕರಣ ವಿಧಾನವನ್ನು ಬೆಳೆಸಿದ ಕೀರ್ತಿ ಈ ಇಬ್ಬರಿಗೂ ಸಲ್ಲುತ್ತದೆ.

1902ರಲ್ಲಿ ಸಂಸ್ಥೆಯ ನಿರ್ದೇಶಕರಾದ ಮೇಲೆ ಆಡಳಿತವೇ ಅವರ ಹೊತ್ತನ್ನೆಲ್ಲ ನುಂಗಿತು. ಪ್ರಯೋಗಗಳನ್ನು ಅವರ ಸಹಾಯಕ ವಾಸಿಲಿ ಒಮೆಲ್ಯಾನ್ಸ್ಕಿ ಮುಂದುವರಿಸಿದರು. ಆರೋಗ್ಯವೂ ಕೈಕೊಟ್ಟಿತ್ತು. 1905ರಲ್ಲಿ ನಿರ್ದೇಶಕ ಸ್ಥಾನವನ್ನು ತೊರೆದು, ಉಕ್ರೇನ್‌ನ ಪೊಡೋಲಿಯ ಪ್ರಾಂತದ ಗೊರೊಡಾಕ್‌ನಲ್ಲಿದ್ದ ತಮ್ಮ ಜಮೀನಿಗೆ ಹೋದರು. ಸುಮಾರು ಹದಿನೈದು ವರ್ಷ ಬೇಸಾಯ, ಕಾಡಿನ ನಿರ್ವಹಣೆಗಳಲ್ಲಿ ಕಳೆದ ಅವರು ಸೂಕ್ಷ್ಮದರ್ಶಕವನ್ನು ಮುಟ್ಟಿದಂತಿಲ್ಲ.

ವಲಸೆ ಮತ್ತು ಎರಡನೆಯ ವೃತ್ತಿಜೀವನ

1917ರ ಕ್ರಾಂತಿ ಮತ್ತು ಅದರ ಬೆನ್ನಿಗೆ ಬಂದ ಅಂತರ್ಯುದ್ಧದಲ್ಲಿ ವಿನೊಗ್ರಾಡ್‌ಸ್ಕಿಯವರು ಆಸ್ತಿಯನ್ನೆಲ್ಲ ಕಳೆದುಕೊಂಡು ದೇಶ ಬಿಟ್ಟರು. ಬೆಲ್‌ಗ್ರೇಡ್‌ನಲ್ಲಿ ಅಲ್ಪಕಾಲ ಪ್ರಾಧ್ಯಾಪಕರಾಗಿದ್ದರು. 1922ರಲ್ಲಿ ಪಾಶ್ಚರ್ ಸಂಸ್ಥೆಯ ನಿರ್ದೇಶಕ ಎಮಿಲ್ ರೂ ಅವರ ಆಹ್ವಾನದ ಮೇರೆಗೆ ಫ್ರಾನ್ಸ್‌ಗೆ ಬಂದು, ಪ್ಯಾರಿಸ್ ಸಮೀಪದ ಬ್ರೀ-ಕೋಂಟ್-ರಾಬರ್ ಎಂಬ ಊರಿನಲ್ಲಿ ಕೃಷಿ ಸೂಕ್ಷ್ಮಜೀವಿ ವಿಜ್ಞಾನದ ಪ್ರಯೋಗಾಲಯವನ್ನು ಆರಂಭಿಸಿದರು. ಆಗ ಅವರಿಗೆ ಅರವತ್ತಾರು ವರ್ಷ.

ಹದಿನೈದು ವರ್ಷಗಳ ಬಳಿಕ ಮರಳಿದಾಗ ತಮ್ಮ ಶಾಸ್ತ್ರ ಸಾಗಿದ್ದ ದಾರಿ ಅವರಿಗೆ ಹಿಡಿಸಲಿಲ್ಲ. ಪೌಷ್ಟಿಕ ತಟ್ಟೆಗಳ ಮೇಲೆ ಬೆಳೆದ ಬ್ಯಾಕ್ಟೀರಿಯಗಳನ್ನು ಎಣಿಸಿ ಮಣ್ಣಿನ ಬಗ್ಗೆ ತೀರ್ಪು ನೀಡಲಾಗುತ್ತಿತ್ತು. ಸಮೃದ್ಧ ಆಹಾರದಲ್ಲಿ ತಲೆಮಾರುಗಟ್ಟಲೆ ಸಾಕಿದ ಜೀವಿ ಹೊಲದಲ್ಲಿರುವ ಜೀವಿಯನ್ನು ಪ್ರತಿನಿಧಿಸಲಾರದು ಎಂಬುದು ಅವರ ವಾದ. ಅವರು ನೇರ ವಿಧಾನವೊಂದನ್ನು ರೂಪಿಸಿದರು. ಮಣ್ಣನ್ನು ನೀರಿನಲ್ಲಿ ಕದಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತಟ್ಟೆಗಳ ಮೇಲೆ ಎಂದೂ ಬೆಳೆಯದ ಅಸಂಖ್ಯ ಸಣ್ಣ ಜೀವಕೋಶಗಳು ಕಂಡವು. ಮಣ್ಣಿನಲ್ಲಿ ಸದಾ ನಿಧಾನವಾಗಿ ಬದುಕುವ ಜೀವಿಗಳನ್ನು ಆಟೊಕ್ಥೋನಸ್ ಎಂದೂ, ಹೊಸ ಆಹಾರ ಬಿದ್ದಾಗ ಮಾತ್ರ ಥಟ್ಟನೆ ಹೆಚ್ಚುವವನ್ನು ಜೈಮೊಜೀನಸ್ ಎಂದೂ ವಿಂಗಡಿಸಿದರು.

ಮಗಳು ಹೆಲೆನಾ ಅವರೊಂದಿಗೆ ನೈಟ್ರೀಕರಣದ ವಿಷಯಕ್ಕೂ ಮರಳಿದರು. 1933ರಲ್ಲಿ ಇಬ್ಬರೂ ಸೇರಿ ನೈಟ್ರೊಸೊಸ್ಪೈರಾ ಎಂಬ ಸುರುಳಿಯಾಕಾರದ ಹೊಸ ಕುಲವನ್ನು ವರ್ಣಿಸಿದರು. ಆ ಕಾಲದಲ್ಲಿ ಇದಕ್ಕೆ ಹೆಚ್ಚಿನ ಗಮನ ದೊರೆಯಲಿಲ್ಲ.

ಫ್ರೆಂಚ್ ವಿಜ್ಞಾನ ಅಕಾಡೆಮಿ 1924ರಲ್ಲಿ ಅವರನ್ನು ವಿದೇಶೀ ಸಹಸದಸ್ಯರನ್ನಾಗಿ ಆರಿಸಿತು. 1935ರಲ್ಲಿ ಲೀವೆನ್‌ಹುಕ್ ಪದಕ, 1948ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ವಿದೇಶೀ ಸದಸ್ಯತ್ವ ಲಭಿಸಿದವು. ಐವತ್ತು ವರ್ಷಗಳ ಲೇಖನಗಳನ್ನು ಒಟ್ಟುಗೂಡಿಸಿದ ಫ್ರೆಂಚ್ ಗ್ರಂಥ 1949ರಲ್ಲಿ, ಅವರು ತೊಂಬತ್ತು ದಾಟಿದ ಮೇಲೆ, ಹೊರಬಂತು. 1953ರಲ್ಲಿ ಬ್ರೀ-ಕೋಂಟ್-ರಾಬರ್‌ನಲ್ಲಿ ನಿಧನರಾದರು. ಸ್ಟ್ರೆಪ್ಟೊಮೈಸಿನ್ ಸಂಶೋಧನೆಗೆ ನೊಬೆಲ್ ಪಡೆದ ಸೆಲ್ಮನ್ ವಾಕ್ಸ್‌ಮನ್ ಅವರು ಅದೇ ವರ್ಷ ಇವರ ಜೀವನಚರಿತ್ರೆಯನ್ನು ಪ್ರಕಟಿಸಿದರು.

ಜೀನ್ ಆಧಾರಿತ ವಿಧಾನಗಳು ಮತ್ತು ವಿನೊಗ್ರಾಡ್‌ಸ್ಕಿಯವರ ಚಿತ್ರ

ಪ್ರಯೋಗಾಲಯದಲ್ಲಿ ಬೆಳೆಸದೆಯೇ ಮಣ್ಣಿನ ಜೀವಿಗಳನ್ನು ಗುರುತಿಸಬೇಕೆಂಬ ವಿನೊಗ್ರಾಡ್‌ಸ್ಕಿಯವರ ಆಶಯಕ್ಕೆ ಅವರ ಕಾಲದಲ್ಲಿ ಸಾಧನವಿರಲಿಲ್ಲ. ಸೂಕ್ಷ್ಮದರ್ಶಕ ಆಕಾರವನ್ನು ತೋರಿಸುತ್ತದೆ, ಕಸುಬನ್ನು ತೋರಿಸುವುದಿಲ್ಲ. ಮಣ್ಣಿನಿಂದ ನೇರವಾಗಿ ಡಿಎನ್‌ಎ ತೆಗೆದು, ಅದರಲ್ಲಿನ ನಿರ್ದಿಷ್ಟ ಜೀನನ್ನು ಪಿಸಿಆರ್ ವಿಧಾನದಿಂದ ವರ್ಧಿಸಿ ಓದುವುದು 1990ರ ದಶಕದಲ್ಲಿ ರೂಢಿಗೆ ಬಂತು. ಜೀವಿಯ ವಂಶವನ್ನು ತಿಳಿಯಲು ಎಲ್ಲ ಬ್ಯಾಕ್ಟೀರಿಯಗಳಲ್ಲೂ ಇರುವ 16ಎಸ್ ರೈಬೊಸೋಮ್ ಜೀನ್, ಕಸುಬನ್ನು ತಿಳಿಯಲು ಆಯಾ ಕಿಣ್ವದ ಜೀನ್ ಬಳಕೆಯಾಗುತ್ತವೆ. ಅಮೋನಿಯ ಉತ್ಕರ್ಷಣಕ್ಕೆ ಅಮೋ-ಎ, ಸಾರಜನಕ ಸ್ಥಿರೀಕರಣಕ್ಕೆ ನಿಫ್-ಎಚ್ ಎಂಬ ಜೀನ್‌ಗಳು ಇಂತಹ ಗುರುತುಗಳು.

ಮೊದಲ ಫಲಿತಾಂಶಗಳೇ ಪಠ್ಯಪುಸ್ತಕಗಳನ್ನು ಅಲುಗಿಸಿದವು. ಪ್ರಯೋಗಾಲಯಗಳ ಅಚ್ಚುಮೆಚ್ಚಿನ ನೈಟ್ರೊಸೊಮೊನಾಸ್ ಯೂರೋಪಿಯಾಕ್ಕಿಂತ, ತಂದೆ ಮಗಳು 1933ರಲ್ಲಿ ಹೆಸರಿಸಿದ್ದ ನೈಟ್ರೊಸೊಸ್ಪೈರಾ ಮಣ್ಣಿನಲ್ಲಿ ಹೆಚ್ಚು ವ್ಯಾಪಕವಾಗಿತ್ತು. ಕೊಳಚೆ ನೀರಿನ ಶುದ್ಧೀಕರಣ ಘಟಕಗಳಲ್ಲಿ ನೈಟ್ರೈಟನ್ನು ಉತ್ಕರ್ಷಿಸುತ್ತಿದ್ದುದು ಬಹುಮಟ್ಟಿಗೆ ನೈಟ್ರೊಬ್ಯಾಕ್ಟರ್ ಅಲ್ಲ, ಬೆಳೆಸಲು ಕಷ್ಟವಾದ ನೈಟ್ರೊಸ್ಪೈರಾ. ಸುಲಭವಾಗಿ ಬೆಳೆಯುವುದೇ ಮುಖ್ಯ ಜೀವಿಯೆಂದು ಭಾವಿಸುವ ಅಭ್ಯಾಸದ ವಿರುದ್ಧ 1920ರ ದಶಕದಲ್ಲಿ ಅವರು ಹೇಳಿದ್ದೂ ಇದನ್ನೇ.

ಇದಕ್ಕಿಂತ ದೊಡ್ಡ ಅಚ್ಚರಿ 2004 ಮತ್ತು 2005ರಲ್ಲಿ ಬಂತು. ಸಮುದ್ರದ ನೀರು ಮತ್ತು ಮಣ್ಣಿನ ಡಿಎನ್‌ಎಯನ್ನು ಇಡಿಯಾಗಿ ಓದಿದಾಗ, ಅಮೋನಿಯ ಉತ್ಕರ್ಷಣದ ಜೀನ್‌ಗಳು ಬ್ಯಾಕ್ಟೀರಿಯಗಳಿಂದ ಸಂಪೂರ್ಣ ಭಿನ್ನವಾದ ಆರ್ಕಿಯ ವರ್ಗದ ಜೀವಿಗಳಲ್ಲೂ ಇರುವುದು ಕಂಡುಬಂತು. ಜೀನ್ ಇದ್ದಮಾತ್ರಕ್ಕೆ ಕೆಲಸ ನಡೆಯುತ್ತಿದೆ ಎನ್ನಲಾಗದು. ಅದಕ್ಕೆ ಉತ್ತರ ಸಿಕ್ಕಿದ್ದು 2005ರಲ್ಲಿ, ಸಿಯಾಟಲ್‌ನ ಸಾರ್ವಜನಿಕ ಮತ್ಸ್ಯಾಗಾರದ ತೊಟ್ಟಿಯಿಂದ ಬೇರ್ಪಡಿಸಿದ ನೈಟ್ರೊಸೊಪ್ಯೂಮಿಲಸ್ ಮ್ಯಾರಿಟಿಮಸ್ ಎಂಬ ಆರ್ಕಿಯದಿಂದ. ಅದನ್ನು ಬೆಳೆಸಿದ ಬಗೆಯಲ್ಲಿ ಜೂರಿಕ್‌ನ ನೆರಳಿದೆ: ಆಹಾರವಾಗಿ ಅಮೋನಿಯ, ಇಂಗಾಲಕ್ಕೆ ಬೈಕಾರ್ಬೊನೇಟ್, ಸಾವಯವ ವಸ್ತು ಇಲ್ಲ. ಮರುವರ್ಷ ಅನೇಕ ಮಣ್ಣುಗಳಲ್ಲಿ ಅಮೋ-ಎ ಜೀನ್‌ಗಳನ್ನು ಎಣಿಸಿದಾಗ ಆರ್ಕಿಯಗಳ ಜೀನ್‌ಗಳೇ ಬ್ಯಾಕ್ಟೀರಿಯಗಳವುಗಳಿಗಿಂತ ಹೆಚ್ಚಾಗಿದ್ದವು.

ಕೆಲಸ ಮಾಡುತ್ತಿರುವವರನ್ನೇ ಹಿಡಿಯುವ ಒಂದು ವಿಧಾನ 2000ದಲ್ಲಿ ರೂಪುಗೊಂಡಿತು. ಭಾರವಾದ ಇಂಗಾಲದ ಐಸೊಟೋಪ್ ಇರುವ ಆಹಾರವನ್ನು ಮಣ್ಣಿಗೆ ಕೊಟ್ಟರೆ, ಅದನ್ನು ಮೈಗೂಡಿಸಿಕೊಂಡ ಜೀವಿಗಳ ಡಿಎನ್‌ಎ ಭಾರವಾಗುತ್ತದೆ. ಆ ಭಾಗವನ್ನು ಮಾತ್ರ ಬೇರ್ಪಡಿಸಿ ಓದಬಹುದು. ನೈಟ್ರೀಕರಣದ ಜೀವಿಗಳಿಗೆ ಭಾರವಾದ ಇಂಗಾಲದ ಡೈಆಕ್ಸೈಡ್ ಕೊಡುವ ಈ ಪ್ರಯೋಗ, ಅಮೋನಿಯವನ್ನು ಉರಿಸಿ ಯಾರು ಇಂಗಾಲ ಗಳಿಸುತ್ತಾರೆ ಎಂಬ 1890ರ ಪ್ರಶ್ನೆಯ ಮುಂದುವರಿಕೆ.

ಎರಡು ಹಂತ, ಎರಡು ಜೀವಿ ಎಂಬ ನಿಯಮ 2015ರಲ್ಲಿ ಮುರಿಯಿತು. ಉತ್ತರ ಕಾಕಸಸ್‌ನಲ್ಲಿ 1200 ಮೀಟರ್ ಆಳದ ತೈಲಶೋಧನೆಯ ಬಾವಿಯಿಂದ ಬಿಸಿನೀರು ತರುವ ಕೊಳವೆಯ ಗೋಡೆಯ ಲೋಳೆಯಲ್ಲೂ, ನೆದರ್ಲೆಂಡ್ಸ್‌ನಲ್ಲಿ ಮೀನು ಸಾಕಣೆಯ ತೊಟ್ಟಿಯ ಶೋಧಕದಲ್ಲೂ, ಅಮೋನಿಯವನ್ನು ಒಂಟಿಯಾಗಿಯೇ ನೈಟ್ರೇಟ್‌ವರೆಗೆ ಒಯ್ಯುವ ನೈಟ್ರೊಸ್ಪೈರಾ ಪ್ರಭೇದಗಳು ಪತ್ತೆಯಾದವು. ಈ ಕ್ರಿಯೆಗೆ ಕಾಮಾಮಾಕ್ಸ್ ಎಂಬ ಹೆಸರು ಬಂದಿದೆ. ಇವುಗಳ ಅಮೋ-ಎ ಜೀನ್ ಅದಕ್ಕೂ ಮುಂಚೆಯೇ ದತ್ತಸಂಚಯಗಳಲ್ಲಿತ್ತು. ಅದನ್ನು ಮೀಥೇನ್ ಉತ್ಕರ್ಷಿಸುವ ಜೀವಿಗಳದೆಂದು ತಪ್ಪಾಗಿ ವರ್ಗೀಕರಿಸಲಾಗಿತ್ತು. ರೂಢಿಯ ಪಿಸಿಆರ್ ಪ್ರೈಮರ್‌ಗಳೂ ಅದನ್ನು ಹಿಡಿಯುತ್ತಿರಲಿಲ್ಲ, ಏಕೆಂದರೆ ಅವುಗಳನ್ನು ತಿಳಿದಿದ್ದ ಜೀವಿಗಳ ಜೀನ್‌ಗಳನ್ನು ನೋಡಿಯೇ ರಚಿಸಲಾಗಿತ್ತು. ಜೆಲಟಿನ್ ತಟ್ಟೆ ಒಮ್ಮೆ ಮಾಡಿದ ಆಯ್ಕೆಯನ್ನು ಇಲ್ಲಿ ಪ್ರೈಮರ್ ಮಾಡಿತ್ತು.

ಕಾಕಸಸ್‌ನ ಆ ಜೀವಿಗೆ ನೈಟ್ರೊಸ್ಪೈರಾ ಇನೊಪಿನಾಟಾ, ಅಂದರೆ ಅನಿರೀಕ್ಷಿತವಾದುದು, ಎಂದು ಹೆಸರಿಡಲಾಗಿದೆ. ವಿನೊಗ್ರಾಡ್‌ಸ್ಕಿಯವರು ಪತ್ತೆಹಚ್ಚಿದ ನೈಟ್ರೊಬ್ಯಾಕ್ಟರ್‌ನ ಪ್ರಭೇದಕ್ಕೆ ನೈಟ್ರೊಬ್ಯಾಕ್ಟರ್ ವಿನೊಗ್ರಾಡ್‌ಸ್ಕಿಯೈ ಎಂಬ ಹೆಸರು 1917ರಿಂದ ಬಳಕೆಯಲ್ಲಿದ್ದು, ಅದರ ಸಂಪೂರ್ಣ ಜೀನೋಮ್ 2006ರಲ್ಲಿ ಪ್ರಕಟವಾಯಿತು.